ಓದುವವಳ ಪಾಲು

ನಾನು ಅಲ್ಫಿಯಾ ತಂದೆ ಮೀರಾಸಾಬ ಅತ್ತಾರ, ವಯಸ್ಸು 18 ವರ್ಷ 4 ತಿಂಗಳು, ಬಿ.ಎ. ಮೊದಲ ವರ್ಷದ ವಿದ್ಯಾರ್ಥಿನಿ, ಸ್ವಂತ ಊರು ಕುಡಚಿ, ತಾಲ್ಲೂಕು ರಾಯಬಾಗ, ಸದ್ಯ ವಾಸ ನಿಪ್ಪಾಣಿಯ ವಿದ್ಯಾರ್ಥಿನಿಯರ ಹಾಸ್ಟೆಲ್, ಕೋಣೆ ಸಂಖ್ಯೆ 14. ಇಂದು ದಿನಾಂಕ 21-02-2025ರ ಶುಕ್ರವಾರ ಬೆಳಿಗ್ಗೆ 10 ಗಂಟೆ 15 ನಿಮಿಷಕ್ಕೆ ಠಾಣೆಗೆ ನಾನಾಗಿಯೇ ಹಾಜರಾಗಿ, ಸ್ವಂತ ಕೈಬರಹದಲ್ಲಿ ತಿಳಿಸಿಕೊಳ್ಳುವುದೇನೆಂದರೆ:

ನಾನು ಐದನೇ ಇಯತ್ತೆಯಿಂದ ಚಿಕ್ಕೋಡಿಯಲ್ಲಿ ಇಂಗ್ಲಿಷ್ ಮಾಧ್ಯಮದ ಹಾಸ್ಟೆಲ್ ಶಾಲೆಯಲ್ಲಿ ಓದಿದವಳು. ಕನ್ನಡದಲ್ಲಿ ತಪ್ಪುಗಳಿದ್ದರೆ ಕ್ಷಮಿಸಬೇಕು. ಹೆಡ್ ಕಾನ್‌ಸ್ಟೆಬಲ್ ಉಜ್ವಲಾ ಮೇಡಂ ಅವರು, "ನಿನಗ ಬಂದಂಗ ಬರಿ, ಖರೇ ಬರಿ. ಆದ್ರ ಟೈಮ್ ಹಾಕೋದು ಬಿಡಬ್ಯಾಡ" ಎಂದು ಹೇಳಿರುವುದರಿಂದ ಗೊತ್ತಿದ್ದ ಕಡೆ ಸಮಯ ಹಾಕಿದ್ದೇನೆ. ಗೊತ್ತಿಲ್ಲದ ಕಡೆ ಸುಮಾರು ಎಂದು ಬರೆದಿದ್ದೇನೆ.

ಕಾಲೇಜಿನ ಇಂಟರ್ನ್‌ಶಿಪ್ ಸಲುವಾಗಿ ದಿನಾಂಕ 03-02-2025ರಿಂದ ನಾನು ಬೀಡಿ ಕಾರ್ಮಿಕ ಮಹಿಳೆಯರ ವಾಚನಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಹಾಸ್ಟೆಲ್‌ನಿಂದ ಅಲ್ಲಿಗೆ ನಡೆದು 11 ನಿಮಿಷ. ವಾಚನಾಲಯದವರು 2005ರಿಂದ 2010ರವರೆಗೆ 'ಸಾಲು' ಎಂಬ ತಿಂಗಳ ಪತ್ರಿಕೆ ತರುತ್ತಿದ್ದರು. ಅದರ 63 ಸಂಚಿಕೆಗಳ ಕಂಪ್ಯೂಟರ್ ಫೈಲುಗಳು ವಾಚನಾಲಯದ ವೆಬ್‌ಸೈಟಿನಲ್ಲಿವೆ. ಕಣ್ಣು ಕಾಣದವರು ಫೋನಿನಲ್ಲಿ ಓದಿಸಿಕೊಂಡು ಕೇಳುವಂತೆ ಆ ಫೈಲುಗಳನ್ನು ಸರಿ ಮಾಡುವುದು ನನ್ನ ಕೆಲಸ. ನಮಗೆ ಕೊಟ್ಟ ಸೂಚನಾ ಪತ್ರದ ಪ್ರಕಾರ, ಸರಿ ಮಾಡಲು ಆಗದ ಹಳೆಯ ಫೈಲನ್ನು 'ಹಳೆಯ ದಾಖಲೆ' ಎಂಬ ಬೇರೆ ವಿಭಾಗದಲ್ಲಿ ಇಡಬಹುದು. ಆದರೆ ಯಾರಾದರೂ ಬಂದು ಇಂಥದ್ದು ಬೇಕೆಂದು ಕೇಳಿದರೆ, ಅವರಿಗೆ ತಿಳಿಯುವ ರೀತಿಯಲ್ಲಿ ಕೊಡಲೇಬೇಕು. ಈ ಕೊನೆಯ ಸಾಲಿಗೆ ನಾನು ಹಳದಿ ಬಣ್ಣ ಹಚ್ಚಿಟ್ಟಿದ್ದೆ. ಯಾರು ಬಂದು ಕೇಳುತ್ತಾರೆ ಎಂದುಕೊಂಡಿದ್ದೆ.

ಎಲ್ಲಾ 63 ಫೈಲುಗಳನ್ನು ನಾನು ಪರೀಕ್ಷೆ ಮಾಡುವ ಒಂದು ಸಾಫ್ಟ್‌ವೇರ್‌ಗೆ ಒಟ್ಟಿಗೇ ಹಾಕಿದೆ. ಎಲ್ಲದರ ಮುಂದೆಯೂ ಹಸಿರು ಗುರುತು ಬಂತು. ನಾನು ತೆರೆದು ನೋಡಿದ್ದು ಆರು ಸಂಚಿಕೆ ಮಾತ್ರ, ಅವೂ ಕೊನೆಯ ವರ್ಷದವು, ಚೆನ್ನಾಗಿದ್ದವು. ಉಳಿದ 57ನ್ನು ನೋಡಲಿಲ್ಲ. ಕಾರಣ ಕನ್ನಡ ಓದಲು ನನಗೆ ಬಹಳ ಹೊತ್ತು ಬೇಕಾಗುತ್ತದೆ, ಅದನ್ನು ಯಾರಾದರೂ ನೋಡಿದರೆ ನಾಚಿಕೆ. ದಿನಾಂಕ 14-02-2025ರಂದು, ಎಲ್ಲವೂ ಸರಿಯಾಗಿವೆ, ಇನ್ನು 'ಸಾಲು' ಟೈಪು ಮಾಡಿದ ಹಳೆಯ ಯಂತ್ರದ ಅವಶ್ಯಕತೆ ಇಲ್ಲ ಎಂದು ಬರೆದು ಸಹಿ ಮಾಡಿ ಕಾರ್ಯದರ್ಶಿ ಶ್ರೀಮತಿ ಜಿನಮತಿ ಮೇಡಂ ಅವರಿಗೆ ಕೊಟ್ಟೆ. ಆ ಸಹಿ ನನ್ನದೇ. ಅದನ್ನು ನಂಬಿ ಮರುದಿನ ಕಮಿಟಿಯವರು ಹಳೆಯ ಕಂಪ್ಯೂಟರನ್ನು ರದ್ದಿಗೆ ಹಾಕಲು ಠರಾವು ಮಾಡಿದರು. ಇದರಲ್ಲಿ ಅವರ ತಪ್ಪಿಲ್ಲ.

ಕಣ್ಣು ಕಾಣದವರೂ ಇನ್ನು ಮೇಲೆ 'ಸಾಲು' ಕೇಳಬಹುದು ಎಂದು ನಾನು ಬೋರ್ಡಿನ ಮೇಲೆ ಬರೆದಿದ್ದೆ. ದಿನಾಂಕ 17-02-2025ರ ಸೋಮವಾರ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ದುಂಡವ್ವ ಎಂಬ 71 ವರ್ಷದ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಇವರ ಮನೆ ವಾಚನಾಲಯದಿಂದ 400 ಮೀಟರ್. ಸಕ್ಕರೆ ಕಾಯಿಲೆಯಿಂದ 2011ರಲ್ಲಿ ದೃಷ್ಟಿ ಹೋಗಿದೆ. ಅದಕ್ಕೂ ಮೊದಲು ಓದು ಬರಹ ಬರುತ್ತಿರಲಿಲ್ಲ. ಅವರು 2008ರ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಸಂಚಿಕೆಗಳನ್ನು, ಅಂದರೆ 41, 42, 43ನ್ನು ಕೇಳಬೇಕು ಎಂದರು. ಅವುಗಳಲ್ಲಿ ಅವರ ಗೆಳತಿ ಗಿರಿಜವ್ವ ಹೇಳಿ ಬರೆಸಿದ್ದು ಇದೆ ಎಂದರು. ಬರುವ ಭಾನುವಾರ ಬೆಳಿಗ್ಗೆ 7.30ರ ಬಸ್ಸಿಗೆ ತಾವು ಕಾಗವಾಡದ ಮಗಳ ಮನೆಗೆ ಹೋಗುವುದಾಗಿಯೂ, ತಿರುಗಿ ಬರುವುದು ಇಲ್ಲವೆಂದೂ ಹೇಳಿದರು.

ನಾನು ಖುಷಿಯಿಂದ ಕುರ್ಚಿ ಕೊಟ್ಟು, 41ನೇ ಸಂಚಿಕೆಗೆ ಓದುವ ಧ್ವನಿ ಹಚ್ಚಿದೆ. ಆಗ ಅಲ್ಲಿ ಏಳು ಜನ ಇದ್ದರು. ಜಿನಮತಿ ಮೇಡಂ ರಾಯಬಾಗಕ್ಕೆ ಮದುವೆಗೆ ಹೋಗಿದ್ದರು. ಫೋನು ಇಂಗ್ಲಿಷಿನಲ್ಲಿ ಪಿ, ಎ, ಪೌಂಡ್, ಕ್ಯೂ, ಎ, ಡಾಲರ್ ಎಂದು ಹೇಳತೊಡಗಿತು. ನಿಲ್ಲಲೇ ಇಲ್ಲ. ಏಳು ಜನರೂ ನಕ್ಕರು.

ದುಂಡವ್ವ ಆಯಿ ಸ್ವಲ್ಪ ಹೊತ್ತು ತಲೆ ಬಾಗಿಸಿ ಕೇಳಿ, "ಇದ್ಯಾವ ಭಾಷಿಬೇ? ಗಿರ್ಜಿ ಸತ್ತಮ್ಯಾಲ ಇಂಗ್ಲಿಷ್ ಕಲ್ತಾಳೇನ?" ಎಂದರು.

ನಾನು ಫೈಲು ತೆರೆದು ನೋಡಿದೆ. ಪರದೆ ತುಂಬ ಅಂಥವೇ ಅಕ್ಷರಗಳು. ಆ ಕಾಲದಲ್ಲಿ, ಅಂದರೆ ಕೊನೆಯ ವರ್ಷಕ್ಕೂ ಮೊದಲು, ಕನ್ನಡ ಟೈಪು ಮಾಡುತ್ತಿದ್ದ ಸಾಫ್ಟ್‌ವೇರ್ ಒಳಗೆ ಇಂಗ್ಲಿಷ್ ಚಿಹ್ನೆಗಳನ್ನೇ ಇಟ್ಟುಕೊಂಡು ಮೇಲೆ ಕನ್ನಡದ ರೂಪ ತೋರಿಸುತ್ತಿತ್ತು. ಆ ಸಾಫ್ಟ್‌ವೇರ್ ಇಲ್ಲದ ಕಡೆ ಚಿಹ್ನೆಗಳು ಮಾತ್ರ ಉಳಿಯುತ್ತವೆ. ಪರೀಕ್ಷೆಯ ಸಾಫ್ಟ್‌ವೇರ್ ಅಕ್ಷರ ಇವೆಯೋ ಇಲ್ಲವೋ ಎಂದಷ್ಟೇ ನೋಡಿ ಹಸಿರು ಹಾಕಿತ್ತು. ವಾಚನಾಲಯದ ಕಾಗದದ ಪ್ರತಿಗಳು ಗೆದ್ದಲು ಹಿಡಿದು ಹೋಗಿದ್ದವು. ಆಯಿಯ ಮನೆಯಲ್ಲಿದ್ದ ಪ್ರತಿಗಳನ್ನು ಕೇಳಿದಾಗ, "ಮೊಮ್ಮಕ್ಕಳು ಭಡಂಗ ಚುರಮರಿ ಕಟ್ಟಾಕ ಹರದಾವ. ನಾ ಕುಡ್ಡಿ, ನನ್ನ ಕೈಯಾಗಿನ ಪೇಪರ್ ಯಾವುದಂತ ನನಗೇನ ಗೊತ್ತಾಗತೈತಿ" ಎಂದರು.

ಆಗ ನಾನು, ಆಯಿ, ಅದರಾಗ ಏನ್ ಐತಿ ಎಂದು ಕೇಳಿದೆ. ಅವರು ಹೇಳಿದ್ದು ಈ ಕೆಳಗಿನಂತಿದೆ. ಇದು ಪ್ರಕರಣಕ್ಕೆ ಸಂಬಂಧಿಸಿದ್ದು ಹೌದೋ ಅಲ್ಲವೋ ನನಗೆ ತಿಳಿಯದು, ಆದರೆ ಇದನ್ನು ಬಿಟ್ಟರೆ ನಾನು ಯಾಕೆ ಹಾಗೆ ಮಾಡಿದೆ ಎನ್ನುವುದು ತಿಳಿಯುವುದಿಲ್ಲ.

ಅವರು ಕೆಲಸ ಮಾಡುತ್ತಿದ್ದ ಬೀಡಿ ಕಾರ್ಖಾನೆಯ ಒಂದು ಸಾಲಿನಲ್ಲಿ ಹದಿನಾಲ್ಕು ಹೆಂಗಸರು ಕೂರುತ್ತಿದ್ದರು. ಅವರಲ್ಲಿ ಓದಲು ಬರುತ್ತಿದ್ದುದು ಗಿರಿಜವ್ವನಿಗೆ ಮಾತ್ರ. ದಿನಾ 11ರಿಂದ 12ರವರೆಗೆ ಅವಳು ಪೇಪರು ಓದುವುದು, ಉಳಿದವರು ಕೈ ನಿಲ್ಲಿಸದೆ ಕೇಳುವುದು. ಆ ಒಂದು ತಾಸು ಅವಳ ಕೈ ಖಾಲಿ. ಆದ್ದರಿಂದ ಕೇಳುವವರೆಲ್ಲರೂ ತಾವು ಕಟ್ಟಿದ ಬೀಡಿಯಲ್ಲಿ ಎರಡೆರಡು ತೆಗೆದು ಅವಳ ಮೊರದಲ್ಲಿ ಹಾಕುತ್ತಿದ್ದರು. ಅದಕ್ಕೆ ಓದುವವಳ ಪಾಲು ಎನ್ನುತ್ತಿದ್ದರು. ಇದಕ್ಕೆ ಒಂದೇ ಕರಾರು: ಓದುವವಳು ಮುಂದಿನದನ್ನು ತಾನೊಬ್ಬಳೇ ಮೊದಲು ಓದಿಕೊಳ್ಳುವಂತಿಲ್ಲ. ಎಲ್ಲರೂ ಕೂಡಿಯೇ ತಿಳಿಯಬೇಕು.

ಪೇಪರಿನಲ್ಲಿ ಚಂದ್ರಾ ಎಂಬ ಹುಡುಗಿಯ ಕಥೆ ಬರುತ್ತಿತ್ತು. ಹೆಂಗಸರು ಅದಕ್ಕಾಗಿ ಊಟ ಬಿಟ್ಟು ಕೂರುತ್ತಿದ್ದರು. ಕಥೆ ನಡುವಿನಲ್ಲಿರುವಾಗಲೇ 2008ರ ಏಪ್ರಿಲ್‌ನಲ್ಲಿ ಕಾರ್ಖಾನೆ ಮುಚ್ಚಿ, ಎಲೆ ತಂಬಾಕು ಮನೆಮನೆಗೆ ಕೊಡತೊಡಗಿದರು. ಸಾಲು ಮತ್ತೆ ಕೂರಲಿಲ್ಲ. ಮುಂದಿನ ಕಥೆಯನ್ನು ಗಿರಿಜವ್ವ ಪತ್ರಿಕೆಗೆ ಹೇಳಿ ಬರೆಸಿದಳು. ಆಗ ಆಯಿ ಮಗಳ ಬಾಣಂತನಕ್ಕೆ ಕಾಗವಾಡದಲ್ಲಿದ್ದರು. ತಿರುಗಿ ಬರುವಷ್ಟರಲ್ಲಿ ಗಿರಿಜವ್ವ ತೀರಿಕೊಂಡಿದ್ದಳು.

ಪೇಪರಿನ ಕಥೆಯಾದರೆ ಬೇರೆ ಯಾರನ್ನಾದರೂ ಕೇಳಬಹುದಲ್ಲ ಎಂದೆ. ಆಯಿ ಮೊಮ್ಮಗಳನ್ನು ನೀರು ತರಲು ಕಳುಹಿಸಿ, ನನ್ನ ಕಿವಿಯ ಹತ್ತಿರ ಬಂದು, "ಪೇಪರ್ದ್ದಲ್ಲಬೇ ಅದು. ಗಿರ್ಜಿ ತಲ್ಯಾಗಿಂದು. ಯಾರಿಗೂ ಹೇಳಬ್ಯಾಡ. ಅಕಿ ಹೋದ್ಲು, ಈಗ ನಿನ್ನ ಆ ಡಬ್ಬ್ಯಾಗಷ್ಟ ಐತಿ" ಎಂದರು. ಯಾರಿಗೂ ಹೇಳಬೇಡ ಎಂದಿದ್ದನ್ನು ಇಲ್ಲಿ ಬರೆಯಲು ನಿನ್ನೆ ಅವರ ಒಪ್ಪಿಗೆ ಪಡೆದಿದ್ದೇನೆ.

ಅಂದು ಸಂಜೆ ಜಿನಮತಿ ಮೇಡಂ ಅವರಿಗೆ ನನ್ನ ತಪ್ಪು ತಿಳಿಸಲು ಮೆಸೇಜನ್ನು ನಾಲ್ಕು ಸಲ ಟೈಪು ಮಾಡಿ ನಾಲ್ಕೂ ಸಲ ಅಳಿಸಿದೆ. ಕಳುಹಿಸಲಿಲ್ಲ. ಇದು ನನ್ನ ಎರಡನೇ ತಪ್ಪು. ನಂತರ 'ಸಾಲು' ಪತ್ರಿಕೆಯನ್ನು ಟೈಪು ಮಾಡುತ್ತಿದ್ದ ದಸ್ತಗೀರ ಚಾಚಾ ಅವರ ನಂಬರ್ ಹುಡುಕಿ ಫೋನ್ ಮಾಡಿದೆ. ಅವರಿಗೆ ಈಗ 54 ವರ್ಷ, ಕೊಗನೊಳ್ಳಿಯ ವೇಬ್ರಿಜ್‌ನಲ್ಲಿ ಲಾರಿಗಳ ತೂಕದ ಚೀಟಿ ಹರಿಯುವ ಕೆಲಸ. ಆ ಫೈಲುಗಳ ಮೂಲ ಹಳೆಯ ಯಂತ್ರದಲ್ಲಿ ಮಾತ್ರ ಇದೆ, ಅದರ ಹಿಂದೆ ಒಂದು ಸಣ್ಣ ಬೀಗದಂಥ ವಸ್ತು ಚುಚ್ಚಿದರೆ ಮಾತ್ರ ಕನ್ನಡ ತೆರೆಯುತ್ತದೆ ಎಂದರು. ಬೀಗ ಎಲ್ಲಿದೆ ಎಂದು ಕೇಳಿದೆ. "ನನ್ನ ಹತ್ರನ ಐತಿ ಬೇಟಾ. ಸುರಮಾ ಡಬ್ಬ್ಯಾಗ. ಕೇಳವರು ಯಾರೂ ಇದ್ದಿದ್ದಿಲ್ಲ, ಒಗಿಯಾಕೂ ಮನಸ ಬರಲಿಲ್ಲ" ಎಂದರು. ರಜೆ ಸಿಗುವುದು ಗುರುವಾರ, ಅಂದು ಬರುತ್ತೇನೆ ಎಂದರು.

ದಿನಾಂಕ 18-02-2025ರ ಮಂಗಳವಾರ ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ನಾನು ವಾಚನಾಲಯಕ್ಕೆ ಹೋದಾಗ ರದ್ದಿ ವ್ಯಾಪಾರಿ ಮಾಳು ಎಂಬುವವರು ಆ ಯಂತ್ರವನ್ನೂ ಹಳೆಯ ಪೇಪರುಗಳನ್ನೂ ಜಗುಲಿಯ ಮೇಲೆ ತಂದಿಟ್ಟಿದ್ದರು. ಯಂತ್ರ ಬೇಕಾಗಿದೆ, ಬಿಟ್ಟು ಹೋಗಿರಿ ಎಂದು ವಿನಂತಿಸಿದೆ. ಅವರು, "ತಂಗೀ, ನಾ ಬಾಯಿಮಾತು ತೂಗಂಗಿಲ್ಲ. ಜಿನಮತಿ ಬಾಯಾರ ಚೀಟಿ ಐತಿ, ಒಯ್ಯಂದ್ರ ಒಯ್ತೀನಿ, ಇಡಂದ್ರ ಇಡ್ತೀನಿ. ನೀ ಬಾಯಾರೇನ?" ಎಂದು, ಗಾಡಿ ತರುತ್ತೇನೆಂದು ಹೋದರು.

4 ಗಂಟೆ 10 ನಿಮಿಷಕ್ಕೆ ನಾನು ಆ ಯಂತ್ರವನ್ನು, ಅಂದರೆ ಸಿಪಿಯು ಡಬ್ಬಿ, ಕೀಬೋರ್ಡ್ ಮತ್ತು ಎರಡು ವೈರುಗಳನ್ನು, ನನ್ನ ಓಢಣಿಯಲ್ಲಿ ಸುತ್ತಿ ಎತ್ತಿಕೊಂಡು ದುಂಡವ್ವ ಆಯಿಯ ಮನೆಗೆ ಒಯ್ದೆ. 400 ಮೀಟರಿಗೆ 19 ನಿಮಿಷ ಹಿಡಿಯಿತು. ನಡುವೆ ಮೂರು ಕಡೆ ಇಳಿಸಿದೆ. ಯಾರ ಅನುಮತಿಯನ್ನೂ ಪಡೆದಿಲ್ಲ. ಆದರೆ ಯಂತ್ರವಿದ್ದ ಜಾಗದಲ್ಲಿ ನನ್ನ ಹೆಸರು, ನಂಬರ್, ಭಾನುವಾರದೊಳಗೆ ತಂದಿಡುತ್ತೇನೆ ಎಂಬ ಮಾತು ಬರೆದ ಚೀಟಿ ಇಟ್ಟಿದ್ದೆ. ಚೀಟಿಯನ್ನು ಗಾಬರಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದೆ. ಗಾಬರಿಯಾದರೆ ನನ್ನ ಕೈಗೆ ಅದೇ ಬರುತ್ತದೆ. ಮಾಳು ಅವರು ಅದನ್ನು ಹಳೆಯ ಗ್ಯಾರಂಟಿ ಕಾರ್ಡು ಎಂದು ತಿಳಿದು ರದ್ದಿಯ ಜೊತೆಗೆ ಕಟ್ಟಿದರಂತೆ. ಆದ್ದರಿಂದ ಯಂತ್ರ ಕಾಣೆಯಾದದ್ದಕ್ಕೂ ಮಾಳು ಅವರಿಗೂ ಯಾವ ಸಂಬಂಧವೂ ಇಲ್ಲ. ವಾಚನಾಲಯದ ದೂರಿನ ಮೇಲೆ ಅವರನ್ನು ಬುಧವಾರ ಎರಡು ತಾಸು ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದು ನನ್ನಿಂದ. ನಾನು ಅವರ ಕ್ಷಮೆ ಕೇಳಿದ್ದೇನೆ. ಅವರು, "ಮುಂದಿನ ಸಲ ಚಿತ್ರ ಬರದಿಡವಾ, ಅದು ತಿಳಿತೈತಿ ನನಗ" ಎಂದರು.

ದಿನಾಂಕ 20-02-2025ರ ಗುರುವಾರ ಮಧ್ಯಾಹ್ನ 3 ಗಂಟೆ 5 ನಿಮಿಷಕ್ಕೆ ದಸ್ತಗೀರ ಚಾಚಾ ಬಂದರು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು. ಯಂತ್ರವನ್ನು ನೋಡಿ ಮೊದಲು ಕರವಸ್ತ್ರದಿಂದ ಕೀಬೋರ್ಡಿನ ಒಂದೊಂದು ಗುಂಡಿ ಒರೆಸಿದರು. ಒಂದು ಗುಂಡಿಯ ಮೇಲೆ ಅಕ್ಷರ ಸವೆದು ಹೋಗಿತ್ತು. ಅದರ ಮೇಲೆ ಬೆರಳಿಟ್ಟು, ಗಿರಿಜವ್ವ ಮಾತು ತಪ್ಪಿ ಹೇಳಿದಾಗಲೆಲ್ಲ ಅಳಿಸುತ್ತಿದ್ದ ಗುಂಡಿ ಇದು ಎಂದರು. ಪರದೆ ಇಲ್ಲದ್ದರಿಂದ ಆಯಿಯ ಮನೆಯ ಟಿವಿಗೆ ಜೋಡಿಸಿದರು.

ಆಯಿ, "ಏನೋ ದಸ್ತ್ಯಾ, ಟಿವ್ಯಾಗ ಬರ್ತಾಳೇನ ಗಿರ್ಜಿ?" ಎಂದು ಕೇಳಿದರು.

ಚಾಚಾ, "ಬರ್ತಾಳ ತಡಿ ಆಯಿ. ಮೊದಲಿಂದಾನೂ ಲೇಟ್ ಮಾಡಾಕಿನ ಅಕಿ" ಎಂದರು.

3 ಗಂಟೆ 20 ನಿಮಿಷಕ್ಕೆ ಯಂತ್ರ ಚಾಲೂ ಆಯಿತು. ಅದು ತೋರಿಸಿದ ದಿನಾಂಕ 01-01-2002. ಯಂತ್ರದ ಒಳಗಿನ ಬ್ಯಾಟರಿ ಹೋಗಿರುವುದೇ ಕಾರಣ. ಚಾಚಾ ಬೀಗ ಚುಚ್ಚಿ 41ನೇ ಸಂಚಿಕೆ ತೆರೆದಾಗ ಪರದೆಯ ಮೇಲೆ ಕನ್ನಡ ಬಂತು. ಅದರಿಂದ ಫೈಲನ್ನು ಹೊರಗೆ ತೆಗೆಯಲು ಈಗ ಎಲ್ಲಿಯೂ ಸಿಗದ ಫ್ಲಾಪಿ ಬೇಕು. ಆದ್ದರಿಂದ ನಾನು ಓದಿ ಹೇಳುವುದು, ನನ್ನ ಫೋನಿನಲ್ಲಿ ಧ್ವನಿ ಉಳಿಸುವುದು, ಚಾಚಾ ಪರದೆಯ ಫೋಟೊ ತೆಗೆಯುವುದು ಎಂದು ನಿಶ್ಚಯಿಸಿದೆವು. ಚಾಚಾ ಅವರೇ ಓದಬಹುದಿತ್ತು. ಅವರು ಓದಲು ಹಾಕುವ ಚಾಳೀಸು ತಂದಿಲ್ಲ ಎಂದರು. ಆದರೆ ಅವರ ಕಿಸೆಯಲ್ಲಿ ಚಾಳೀಸು ಇರುವುದು ನನಗೆ ಕಾಣುತ್ತಿತ್ತು.

ಆಯಿ ಮಂಚದ ಕೆಳಗಿಂದ ಮೊರ ಮತ್ತು ಬೀಡಿ ಎಲೆ ತೆಗೆಸಿಕೊಂಡು ಕಾಲು ಚಾಚಿ ಕುಳಿತರು. ತಂಬಾಕು ಇರಲಿಲ್ಲ. ನಾನು ಓದಲು ಶುರು ಮಾಡಿದೆ. ಮೂರು ಸಾಲು ಓದುವಷ್ಟರಲ್ಲಿ ಅವರು, "ಏನಬೇ, ಎಣಿಸಿ ಎಣಿಸಿ ಓದಾಕತ್ತಿ. ಅಕ್ಷರ ಏನ್ ಸಾಲ ತಂದಿಯೇನ? ಧೈರ್ಯಲೆ ಓದು, ತಪ್ಪಾದ್ರ ಗಿರ್ಜಿ ಎದ್ದು ಬರಂಗಿಲ್ಲ" ಎಂದರು. ಅವರ ಬೆರಳುಗಳು ಎಲೆ ಸುತ್ತುತ್ತಿದ್ದವು. ಕೆಲ ಹೊತ್ತಿನ ನಂತರ ನನಗೆ ಆ ಬೆರಳುಗಳ ಸದ್ದಿಗೆ ಓದುವುದು ಸುಲಭವಾಯಿತು.

41ನೇ ಸಂಚಿಕೆಯಲ್ಲಿ ಚಂದ್ರಾ ಕುಡಚಿ ಸ್ಟೇಶನ್ನಿನಲ್ಲಿ ಒಂದು ಟ್ರಂಕು ಇಟ್ಟುಕೊಂಡು ಒಬ್ಬಳೇ ನಿಂತಿದ್ದಾಳೆ ಎಂದಿತ್ತು. ಅಲ್ಲಿ ನಾನು ಸುಮಾರು 2 ನಿಮಿಷ ಓದು ನಿಲ್ಲಿಸಿದೆ. ನೀರು ಕುಡಿಯಬೇಕಿತ್ತು. ಹತ್ತು ವರ್ಷದವಳಿದ್ದಾಗ ನಾನು ಚಿಕ್ಕೋಡಿ ಹಾಸ್ಟೆಲ್‌ಗೆ ಹೊರಟಾಗ ನನ್ನ ದಾದಿ, ಅಂದರೆ ತಂದೆಯ ತಾಯಿ, ಕುಲಸುಂಬಿ ಅದೇ ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ಕೂತು, ರೈಲು ಬರುವವರೆಗೆ ಕಥೆ ಹೇಳಿದ್ದರು. ಯಾವ ಕಥೆ ಎಂದು ನನಗೆ ನೆನಪಿಲ್ಲ. ಅದು ಕನ್ನಡದಲ್ಲಿ ಇತ್ತು ಎನ್ನುವುದಷ್ಟೇ ನೆನಪಿದೆ.

41 ಮುಗಿದಾಗ 4 ಗಂಟೆ 25 ನಿಮಿಷ. ಆಯಿ ಇಪ್ಪತ್ತೈದು ಬೀಡಿಗೆ ದಾರ ಸುತ್ತಿ ನನ್ನ ಮುಂದಿಟ್ಟರು. ಬೇಡ ಎಂದೆ. "ಬ್ಯಾಡನ್ನಾಕ ಇದು ನನ್ನ ಮನಿದಲ್ಲ, ಸಾಲಿಂದು" ಎಂದರು.

42ನೇ ಸಂಚಿಕೆಯನ್ನು 4 ಗಂಟೆ 30 ನಿಮಿಷಕ್ಕೆ ಶುರು ಮಾಡಿದೆ. ಅದರ ನಡುವೆ ಗಿರಿಜವ್ವ ಕಥೆ ಬಿಟ್ಟು ಹೀಗೆ ಹೇಳಿದ್ದರು: "ಪೇಪರ್ ಬರೂದು ಹೋದ ವರ್ಷ ಜೂನ್‌ದಾಗ ನಿಂತಿತ್ತು. ಅವತ್ತಿಂದ ನಾ ಒಂದ ಹಳೇ ಪೇಪರ್ ಹಿಡದು ಚಂದ್ರಾನ್ನ ನಾನ ನಡಿಸೀನಿ. ಸಾಲಿಗೆ ಗೊತ್ತಿಲ್ಲ. ಎದುರಿಗೆ ಕೂಡೂ ದುಂಡಿಗೆ ಗೊತ್ತೈತಿ. ಓದಾಕ ಬರದಿದ್ರೂ ಪೇಪರಿನ ಬೆನ್ನ ಮ್ಯಾಲಿನ ಸೈಕಲ್ ಹುಡುಗಿ ಚಿತ್ರ ದಿನಾ ಅದ ಇರತಿತ್ತಲ್ಲ, ಅಕಿ ನೋಡತಿದ್ಲು. ನೋಡಿನೂ ಒಂದ ದಿನ ನನ್ನ ಪಾಲು ಕಡಿಮಿ ಮಾಡಲಿಲ್ಲ. ನನಗ ಗೊತ್ತೈತಿ ಅನ್ನೂದು ಅಕಿಗೆ ಗೊತ್ತಿಲ್ಲ."

ಆಗ ಸಮಯ 4 ಗಂಟೆ 58 ನಿಮಿಷ. ಆಯಿಯ ಕೈ ನಿಂತಿತು. ಅಂದು ಅವರ ಕೈ ನಿಂತದ್ದು ಅದೊಂದೇ ಸಲ. "ಗೊತ್ತಿತ್ತಾ ಅಕಿಗೆ?" ಎಂದರು. ಮತ್ತೆ, "ಹದಿನೇಳ ವರ್ಷ ಹೊಟ್ಯಾಗ ಇಟಗೊಂಡೀನಿ. ಭೋಸಡಿ, ಅಕಿಗೆ ಗೊತ್ತಿತ್ತಂತ" ಎಂದು ಬಹಳ ನಕ್ಕರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಶಬ್ದವನ್ನು ಅವರು ಪ್ರೀತಿಯಿಂದ ಬಳಸಿದ್ದು. ಆ ಕೊನೆಯ ಸಾಲನ್ನು ನನ್ನಿಂದ ಮೂರು ಸಲ ಓದಿಸಿದರು. ದಸ್ತಗೀರ ಚಾಚಾ ಹೊರಗೆ ಹೋಗಿ ಬಂದರು.

ಎರಡನೇ ಕಟ್ಟು ಕೊಟ್ಟ ಮೇಲೆ 5 ಗಂಟೆ 20 ನಿಮಿಷಕ್ಕೆ ನಾನು 43ನೇ ಸಂಚಿಕೆ ಶುರು ಮಾಡಿದೆ. ಕಥೆ ಮುಗಿಯುವುದು ಅದರಲ್ಲಿ. ರೈಲು ಬಂದು ನಿಂತಿದೆ. ಚಂದ್ರಾ ಟ್ರಂಕನ್ನು ಒಳಗಿಟ್ಟು, ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಹಿಂದಕ್ಕೆ ತಿರುಗಿ ನೋಡುತ್ತಾಳೆ. ಇಷ್ಟು ಓದಿದಾಗ 5 ಗಂಟೆ 35 ನಿಮಿಷಕ್ಕೆ ಉಜ್ವಲಾ ಮೇಡಂ ಮತ್ತು ಜಿನಮತಿ ಮೇಡಂ ಬಾಗಿಲಿಗೆ ಬಂದರು. ನಾನು ಡಬ್ಬಿ ಹೊತ್ತು ಹೋಗಿದ್ದನ್ನು ಓಣಿಯವರು ತಿಳಿಸಿದ್ದರು. ಜಿನಮತಿ ಮೇಡಂ, "ಅಲ್ಲವಾ, ಒಂದು ಫೋನ್ ಮಾಡಿದ್ರ ನಾ ಏನ್ ನುಂಗತಿದ್ನೇನ ನಿನ್ನ?" ಎಂದರು. ಯಂತ್ರ ವಾಚನಾಲಯದ ದಾಸ್ತಾನು ಪುಸ್ತಕದಲ್ಲಿ ಇರುವುದರಿಂದ ಪಂಚನಾಮೆ ಮಾಡಿ ಜಪ್ತಿ ಮಾಡಿದರು. ಟಿವಿಯಿಂದ ವೈರು ಬಿಚ್ಚಿದಾಗ ಆಯಿ, "ಹತ್ತಿದ್ಲೋ ಇಲ್ಲೋ?" ಎಂದು ಒಂದೇ ಮಾತು ಕೇಳಿದರು.

43ನೇ ಸಂಚಿಕೆಯ ಉಳಿದ ಭಾಗ ಇಡೀ ಪರದೆಯ ಮೇಲೆಯೇ ಇತ್ತು, ಚಾಚಾ ಇನ್ನೂ ಅದರ ಫೋಟೊ ತೆಗೆದಿರಲಿಲ್ಲ. ನಾನು ಕಣ್ಣು ಹಾಯಿಸಿದ್ದರೆ ತಿಳಿಯುತ್ತಿತ್ತು. ಕರಾರು ಇರುವುದರಿಂದ ನೋಡಲಿಲ್ಲ. ಅಂತ್ಯ ನನಗೆ ಗೊತ್ತಿಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತೇನೆ. ದಸ್ತಗೀರ ಚಾಚಾ ಅವರಿಗೆ ಗೊತ್ತಿರಬೇಕು. ಅವರು ಹದಿನೇಳು ವರ್ಷದ ಹಿಂದೆ ಟೈಪು ಮಾಡಿದ್ದು ಮರೆತಿದೆ ಎನ್ನುತ್ತಾರೆ.

ಇಂದು ಈ ಹೇಳಿಕೆಯನ್ನು ಇಲ್ಲಿಯವರೆಗೆ ಓದಿದ ಉಜ್ವಲಾ ಮೇಡಂ, ತಮ್ಮ ತಾಯಿಯೂ ಅದೇ ಸಾಲಿನಲ್ಲಿ ಕೂರುತ್ತಿದ್ದರೆಂದೂ, ಮನೆಗೆ ಬಂದು ಚಂದ್ರಾಳ ಕಥೆ ಹೇಳುತ್ತಾ ರೊಟ್ಟಿ ಬಡಿಯುತ್ತಿದ್ದರೆಂದೂ ತಿಳಿಸಿದರು. ಆಮೇಲೆ, "ಜಪ್ತಾದ ಮಷೀನು ಚಾಲೂ ಐತೋ, ಬಂದ್ ಬಿದ್ದೈತೋ, ಪಂಚರ ಮುಂದ ಹಚ್ಚಿ ನೋಡಿ ಬರೀಬೇಕಾಗತೈತಿ. ನಾಳೆ ಮುಂಜಾನೆ ಒಂಬತ್ತೂವರಿಗೆ ನೋಡೂಣು. ಯಾವರ ಒಂದು ಫೈಲ್ ತೆರದು ಪೂರಾ ಓದಿ ನೋಡಬೇಕು. ಓದಾಕ ನೀ ಬಾ, ಕೇಳಾಕ ಸಾಕ್ಷಿ ಬೇಕು, ಆ ಮುದುಕಿನ್ನ ಕರಕೊಂಡು ಬಾ" ಎಂದರು. ಜಿನಮತಿ ಮೇಡಂ ಇದಕ್ಕೆ ತಮ್ಮ ತಕರಾರು ಇಲ್ಲ, ತಾವೂ ಬರುವುದಾಗಿ ಹೇಳಿದರು.

ಆದ್ದರಿಂದ ಸದರಿ ಯಂತ್ರವನ್ನು ನಾಳೆಯವರೆಗೆ ಅಲುಗಿಸದೆ, ಹಿಂದೆ ಚುಚ್ಚಿದ ಸಣ್ಣ ಬೀಗವನ್ನು ತೆಗೆಯದೆ ಇಡಬೇಕೆಂದು ಕೋರುತ್ತೇನೆ. ಹಸಿರು ಗುರುತು ನಂಬಿ ಸಹಿ ಮಾಡಿದ್ದಕ್ಕೂ, ಕೇಳದೆ ಯಂತ್ರ ಒಯ್ದದ್ದಕ್ಕೂ ಆಗುವ ಕ್ರಮಕ್ಕೆ ನಾನು ಬದ್ಧಳಾಗಿದ್ದೇನೆ. ನಾನು ನೋಡದೆ ಬಿಟ್ಟಿದ್ದ 57ರಲ್ಲಿ ಇನ್ನೂ ಉಳಿದ ಸಂಚಿಕೆಗಳನ್ನು ಇಂಟರ್ನ್‌ಶಿಪ್ ಮುಗಿದ ಮೇಲೂ ಬಂದು ಒಂದೊಂದಾಗಿ ಓದಿ ಉಳಿಸುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ.

ಕೊನೆಯದಾಗಿ, ನಿನ್ನೆ ನನ್ನ ಕಾಲೇಜು ಚೀಲದಲ್ಲಿ ಸಿಕ್ಕ ಬೀಡಿಗಳ ಬಗ್ಗೆ ಕೇಳಿದ್ದಕ್ಕೆ ಉತ್ತರ: ಅವುಗಳಲ್ಲಿ ತಂಬಾಕು ಇಲ್ಲ, ನಾನು ಸೇದುವವಳಲ್ಲ, ದಯವಿಟ್ಟು ಹಾಸ್ಟೆಲ್‌ಗೂ ಮನೆಗೂ ಹಾಗೆ ತಿಳಿಸಬಾರದು. ಅವು ನನಗೆ ಬಂದ ಪಾಲು. ಎರಡು ಕಟ್ಟಿನಲ್ಲಿ ಇಪ್ಪತ್ತೈದು ಇಪ್ಪತ್ತೈದು ಇವೆ. ಯಂತ್ರ ಜಪ್ತಿಯಾದಾಗ ಆಯಿ ಕಟ್ಟಿ ಕೊಟ್ಟ ಮೂರನೆಯದರಲ್ಲಿ ಹನ್ನೆರಡೇ ಇವೆ. ಹದಿಮೂರು ಕಡಿಮೆ ಇರುವುದು ಕಳವಾಗಿ ಅಲ್ಲ, ಓದು ಮುಗಿಯದೆ ಇದ್ದುದರಿಂದ.

ಮೇಲೆ ಬರೆದದ್ದೆಲ್ಲ ನನಗೆ ಗೊತ್ತಿದ್ದಷ್ಟು ನಿಜ. ಯಾರೂ ಹೇಳಿಕೊಟ್ಟು ಬರೆಸಿಲ್ಲ. ಒಮ್ಮೆ ಗಟ್ಟಿಯಾಗಿ ಓದಿ ನೋಡಿ ಸರಿ ಇದೆ ಎಂದು ಸಹಿ ಮಾಡಿದ್ದೇನೆ.

ಸ್ಥಳ: ನಿಪ್ಪಾಣಿ
ದಿನಾಂಕ: 21-02-2025, ಮಧ್ಯಾಹ್ನ 1 ಗಂಟೆ 50 ನಿಮಿಷ
ಸಹಿ: ಅಲ್ಫಿಯಾ ಮೀ. ಅತ್ತಾರ (ಕನ್ನಡದಲ್ಲಿ)